ಎಲ್ಲರ ಕ್ಯಾಪ್ಟನ್

2018ರ ಮಾರ್ಚ್ 17. ಕಂಠೀರವದಲ್ಲಿ ಐಎಸ್‌ಎಲ್ ಫೈನಲ್: ಬೆಂಗಳೂರು ಎಫ್‌ಸಿ ಎದುರು ಚೆನ್ನೈಯಿನ್ ಎಫ್‌ಸಿ. ಇಲ್ಲಿ ಚೆನ್ನೈನಲ್ಲಿ ನಮ್ಮ ಆಫೀಸ್ ಗೆಳೆಯರ ಫ್ಯಾಂಟಸಿ ಲೀಗ್‌ಗೂ ಅದೇ ಕೊನೆಯ ಪಂದ್ಯ. ಕಾರ್ನರ್ ಸಿಕ್ಕಾಗ ಮುಂದೆ ಬಂದು ತಲೆ ಕೊಡುವ ಡಿಫೆಂಡರ್ ಮೈಲ್ಸನ್ ಆಲ್ವೆಸ್ ನನ್ನ ತಂಡದಲ್ಲಿದ್ದರು. ವಾಟ್ಸಾಪ್ ಗ್ರೂಪಿನಲ್ಲಿ ನೋಡಿದರೆ ಎಲ್ಲರದೂ ಒಂದೇ ಜಪ: ಸುನಿಲ್ ಛೆಟ್ರಿ ಕ್ಯಾಪ್ಟನ್, ಜೊತೆಗೆ ಮಿಕು. ನನಗೂ ದಿಗಿಲಾಯಿತು. ಆಲ್ವೆಸ್‌ರನ್ನು ಕೈಬಿಟ್ಟೆ.

9ನೇ ನಿಮಿಷಕ್ಕೇ ಛೆಟ್ರಿ ಗೋಲು! ಕುಣಿದೆ. ಆದರೆ ಪಾಯಿಂಟ್ ಎಲ್ಲರಿಗೂ ಬಂದಿತ್ತು; ನನ್ನ ಸ್ಥಾನ ಕದಲಲಿಲ್ಲ. ವಿರಾಮದೊಳಗೆ ಆಲ್ವೆಸ್ ತಲೆಯಿಂದಲೇ ಎರಡು ಗೋಲು ಹೊಡೆದರು. ಕೊನೆಗೆ 3-2, ಕಪ್ ಚೆನ್ನೈಯಿನ್‌ಗೆ. ಆಲ್ವೆಸ್‌ರನ್ನು ಉಳಿಸಿಕೊಂಡಿದ್ದ ಒಬ್ಬನೇ ಒಬ್ಬ ಗೆಳೆಯ ನಮ್ಮ ಲೀಗ್ ಗೆದ್ದ.

ಎಲ್ಲರ ಬಳಿಯೂ ಇರುವ ಆಟಗಾರ ನಮ್ಮನ್ನು ಬೀಳದಂತೆ ಕಾಯಬಹುದು, ಮೇಲೆತ್ತಲಾರ. ಬೆಂಗಳೂರು ಸೋತದ್ದಕ್ಕಿಂತ, ನನ್ನ ಲೆಕ್ಕವನ್ನು ನಾನೇ ನಂಬದೆ ಹೋದದ್ದು ಇಂದಿಗೂ ಚುಚ್ಚುತ್ತದೆ.