ಒಂದು ಮಗು ಸಾಕಕ್ಕಾಗಲ್ವಾ ಅನ್ನೋರಿಗೆ

ಹೋದ ತಿಂಗಳು ನೆಂಟರ ಮನೆ ಸೀಮಂತಕ್ಕೆ ಹೋಗಿದ್ದೆ. ಊಟದ ಪಂಕ್ತೀಲಿ ಕುಂತಿದ್ದಾಗ ಮಾತು ನನ್ನ ಮಗಳ ಕಡೆ ತಿರುಗ್ತು. ಅವಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇರೋದು, ಎರಡು ವರ್ಷ ದಾಟಿದ ಗಂಡುಮಗು ಇರೋದು, ನಾನು ಹೋಗಿ ಮೂರು ತಿಂಗಳು ಇದ್ದು ಬಂದಿದ್ದು ಎಲ್ಲರಿಗೂ ಗೊತ್ತು. ನಮ್ಮ ದೊಡ್ಡ ಓರಗಿತ್ತಿ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ, “ಅಲ್ಲ ಕಣವ್ವ, ನಾವು ನಾಕು ನಾಕು ಹೆತ್ತು, ನಾಟಿ ಕೆಲ್ಸಕ್ಕೆ ಹೋಗಿ, ಕೊಟ್ಟಿಗೆ ಬಳಿದು ಸಾಕಲಿಲ್ವಾ? ನಿನ್ನ ಮಗಳಿಗೆ ಬಟ್ಟೆ ಒಗೆಯಕ್ಕೂ ಮಿಷಿನ್ನು, ಪಾತ್ರೆ ತೊಳೆಯಕ್ಕೂ ಮಿಷಿನ್ನು. ಒಂದು ಮಗು ಸಾಕಕ್ಕಾಗಲ್ವಾ?” ಅಂದ್ರು. ಪಂಕ್ತಿಗೆ ಪಂಕ್ತಿಯೇ ನಕ್ತು. ನಾನೂ ಹಲ್ಲು ಕಿರಿದು ಸುಮ್ಮನಾದೆ.

ಬಾಯಲ್ಲಿ ಹೋಳಿಗೆ ಇತ್ತು ಅನ್ನೋದು ನೆವ. ನಿಜ ಏನಪ್ಪ ಅಂದ್ರೆ, ಇದೇ ಮಾತನ್ನ ಸ್ಟುಟ್‌ಗಾರ್ಟ್‌ಗೆ ಹೋದ ಮೊದಲನೇ ವಾರದಲ್ಲಿ ನಾನೇ ನನ್ನ ಮಗಳಿಗೆ ಅಂದಿದ್ದೆ. ಅವಳು ಏನೂ ಅನ್ನಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಲ್ಲಿ ಅಳೋದು ಕೇಳಿಸಲ್ಲ ಅಂದ್ಕೊಂಡಿದ್ದಳು. ಹೆತ್ತ ಕಿವಿಗೆ ಕೇಳಿಸ್ತದೆ. ಅವತ್ತು ಕೊಡಬೇಕಾಗಿದ್ದ ಉತ್ತರ, ಸೀಮಂತದ ಪಂಕ್ತೀಲಿ ಕೊಡಬೇಕಾಗಿದ್ದ ಉತ್ತರ, ಎರಡನ್ನೂ ಇಲ್ಲಿ ಬರೀತಾ ಇದೀನಿ. ಯಾರಿಗಾದ್ರೂ ಕೋಪ ಬಂದ್ರೆ ಬರಲಿ.

ಮೊದಲು ಅಲ್ಲಿನ ಒಂದು ದಿವಸ ಹೆಂಗಿರ್ತದೆ ಕೇಳಿ. ದೀಪಾವಳಿ ಮುಗಿಸ್ಕೊಂಡು ಹೋಗಿದ್ದೆ, ಅಂದ್ರೆ ಚಳಿಗಾಲದ ಬಾಗಿಲು. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟಾದ್ರೂ ಬೆಳಕಿಲ್ಲ, ಸಾಯಂಕಾಲ ನಾಕೂವರೆಗೆಲ್ಲಾ ಕತ್ತಲೆ. ಮನೆ ಮೂರನೇ ಮಹಡೀಲಿ, ಲಿಫ್ಟ್ ಇಲ್ಲ. ನಮ್ಮ ಪುಟ್ಟ ಆರು ಗಂಟೆಗೆ ಎದ್ದರೆ ನಿಲ್ಲೋ ಜಾತಿಯೇ ಅಲ್ಲ. ಅಡುಗೆಮನೆಯಿಂದ ಮುಂಬಾಗಿಲಿಗೆ ಹದಿನಾಲ್ಕು ಹೆಜ್ಜೆ, ನಾನೇ ಎಣಿಸಿದೀನಿ. ಆ ಹದಿನಾಲ್ಕು ಹೆಜ್ಜೇಲೇ ಅವನ ಓಟ, ಅವನ ಕುದುರೆ, ಅವನ ಜಾತ್ರೆ. ಚಪ್ಪಲಿ ಸ್ಟ್ಯಾಂಡ್ ಹತ್ತಿ ಅಲ್ಲಿಂದ ಹಾರ್ತಾನೆ. ಅಕ್ಕಿ ಡಬ್ಬಕ್ಕೆ ಕೈ ಹಾಕಿ ಮಳೆ ಸುರಿಸ್ತಾನೆ. ಏನು ಕೇಳಿದ್ರೂ “ನೈನ್, ನೈನ್” ಅಂತಿದ್ದ. ಇಂಗ್ಲೀಷಲ್ಲಿ ಒಂಬತ್ತು ಕಲ್ತವ್ನೆ ಅಂತ ನಾನು ಎರಡು ದಿನ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಗೊತ್ತಾಯ್ತು, ಜರ್ಮನ್ ಭಾಷೇಲಿ ಹಂಗಂದ್ರೆ ‘ಬೇಡ, ಇಲ್ಲ’ ಅಂತ.

ಆಚೆಗೆ ಕರ್ಕೊಂಡು ಹೋಗಿ ಅಂತೀರಿ. ಆಚೆಗೆ ಹೋಗಕ್ಕೆ ಒಳಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ನೀರು ಹಿಡಿಯದ ಪ್ಯಾಂಟು, ಟೋಪಿ, ಕೈಚೀಲ, ಬೂಟು. ಒಂದು ಕೈಗೆ ಹಾಕೋ ಹೊತ್ತಿಗೆ ಇನ್ನೊಂದು ಕೈಯದ್ದು ಕಿತ್ತು ಎಸೆದಿರ್ತಾನೆ. ಎಲ್ಲಾ ಹಾಕಿ ಮೂರು ಮಹಡಿ ಇಳಿಸಿದ ಮೇಲೆ, “ಅಮ್ಮಾ ಕಕ್ಕ” ಅಂತಾನೆ. ಮತ್ತೆ ಮೂರು ಮಹಡಿ ಹತ್ತು. ನನ್ನ ಮಂಡಿಗೆ ಗೊತ್ತು ಅದರ ಕಷ್ಟ.

ಒಳಗೇ ಇರೋಣ ಅಂದ್ರೆ ಕೆಳಗಿನ ಮನೇಲಿ ವಯಸ್ಸಾದ ಒಬ್ಬರು ಅವ್ರೆ. ಆ ಕಟ್ಟಡದ ನಿಯಮದಲ್ಲಿ ಮಧ್ಯಾಹ್ನ ಒಂದರಿಂದ ಮೂರು ಗಂಟೆ ನಿಶ್ಶಬ್ದದ ಹೊತ್ತು. ರಾತ್ರಿ ಹತ್ತರ ಮೇಲೂ ಹಂಗೇ. ಭಾನುವಾರ ಪೂರ್ತಿ ದಿನ. ಅಂಗಡಿಯೂ ಮುಚ್ಚಿರ್ತವೆ. ಪುಟ್ಟ ಓಡಿದ್ರೆ ಕೆಳಗಿನಿಂದ ಕೋಲಲ್ಲಿ ಟಕ್ ಟಕ್ ಅಂತ ಸದ್ದು. ಒಂದು ದಿನ ಬಾಗಿಲಿಗೆ ಚೀಟಿ ಅಂಟಿತ್ತು. ಮಗಳು ಓದಿ ಮಡಚಿ ಇಟ್ಟಳು, ನನಗೆ ಅರ್ಥ ಹೇಳಲಿಲ್ಲ. ಅವತ್ತಿಂದ ಆ ಮನೇಲಿ ಮಗು ನಡೆದ್ರೆ ಇಬ್ಬರು ದೊಡ್ಡವರು ಉಸಿರು ಬಿಗಿ ಹಿಡಿಯೋರು. ಅಳಿಯಂದ್ರು ನೆಲಕ್ಕೆಲ್ಲಾ ದಪ್ಪ ಚಾಪೆ ತಂದು ಹಾಸಿದ್ರು.

ಇದರ ಮೇಲೆ ಊರಿಂದ ಫೋನು. “ಹುಷಾರು, ಆ ದೇಶದೋರು ಮಕ್ಕಳನ್ನ ಕಿತ್ಕೊಂಡು ಹೋಗ್ತಾರಂತೆ.” 2011ರಲ್ಲಿ ನಾರ್ವೆ ದೇಶದ ಸ್ಟಾವಂಗರ್‌ನಲ್ಲಿ ಬಂಗಾಳಿ ದಂಪತಿಯ ಎರಡು ಮಕ್ಕಳನ್ನ ಅಲ್ಲಿನ ಮಕ್ಕಳ ಇಲಾಖೆಯವರು ಕರ್ಕೊಂಡು ಹೋಗಿದ್ದು, 2012ರಲ್ಲಿ ಮಕ್ಕಳು ಭಾರತಕ್ಕೆ ವಾಪಸ್ ಬಂದಿದ್ದು, 2023ರಲ್ಲಿ ರಾಣಿ ಮುಖರ್ಜಿ ಸಿನಿಮಾ ಬಂದಿದ್ದು ನಿಜ. ಸಿನಿಮಾ ನೋಡಿದೋರು ಸುಮ್ಮನಿರಬೇಕಲ್ಲ. ಪುಟ್ಟ ಹಟ ಮಾಡಿ ಚೀರೋ ಹೊತ್ತಿಗೆ ಕರೆಗಂಟೆ ಆದ್ರೆ ನನ್ನ ಮಗಳ ಮುಖ ಬಿಳಿಚ್ಕೊಳ್ಳೋದು. ನೀವು ಕಾಳಜಿಯಿಂದ ಆಡಿದ ಮಾತು ಅಲ್ಲಿ ಅವಳ ಎದೇಲಿ ಕಲ್ಲಾಗಿ ಕುಂತಿರ್ತದೆ.

ಈಗ ನನ್ನ ತಪ್ಪು ಹೇಳ್ತೀನಿ. ಒಂದಿನ ಹಳದಿ ಟ್ರಾಮಿನಲ್ಲಿ ಹೋಗ್ತಾ ಇದ್ವಿ. ಪುಟ್ಟ ನೆಲದ ಮೇಲೆ ಬಿದ್ದು ಹೊರಳಾಡಿ ಕಿರುಚಿದ. ಎಲ್ಲರೂ ನೋಡ್ತಾವ್ರೆ ಅನ್ನೋ ಅವಮಾನಕ್ಕೆ ಎತ್ತಿ ಕುಂಡಿಗೆ ಒಂದು ಬಿಟ್ಟೆ. ನನ್ನ ಮಗಳು ನನ್ನ ಕೈ ಹಿಡ್ಕೊಂಡಳು. “ಅಮ್ಮ, ಇಲ್ಲಿ ಹಂಗೆ ಮಾಡಂಗಿಲ್ಲ. ಮನೇಲೂ ಮಾಡಬೇಡ” ಅಂದಳು. ಜರ್ಮನೀಲಿ 2000ನೇ ಇಸವಿಯಿಂದ, ಹೊಡೆತ ಬಡಿತ ಇಲ್ದೆ ಬೆಳೆಯೋದು ಮಗುವಿನ ಹಕ್ಕು ಅಂತ ಕಾನೂನೇ ಐತಂತೆ. ಸ್ವೀಡನ್‌ನಲ್ಲಿ 1979ರಲ್ಲೇ ಹೊಡೆಯೋದು ನಿಷೇಧ ಆಗಿತ್ತಂತೆ. “ನಿನಗೆ ಹೊಡೆದೇ ತಾನೇ ಬೆಳೆಸಿದ್ದು” ಅಂದೆ. “ಅದಕ್ಕೇ ಹೇಳ್ತಾ ಇರೋದು” ಅಂದಳು. ಮುಂದಿನ ನಾಕು ಸ್ಟಾಪು ನಾವಿಬ್ಬರೂ ಮಾತಾಡಲಿಲ್ಲ.

ಆ ನಾಕು ಸ್ಟಾಪಿನಲ್ಲಿ ನಾನು ಒಂದು ಲೆಕ್ಕ ಹಾಕಿದೆ. ನಾನು ನನ್ನ ಮಕ್ಕಳನ್ನ ಸಾಕಿದೆ ಅಂತೀನಲ್ಲ, ನಿಜವಾಗಿ ಯಾರು ಸಾಕಿದ್ದು?

ನಮ್ಮೂರು ದೊಡ್ಡಗದ್ದವಳ್ಳಿ. 1114ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲಿ ಕೆರೆ, ತೆಂಗಿನ ಮರ. ನನ್ನ ಮಗಳು ಎರಡು ವರ್ಷದವಳಾಗಿದ್ದಾಗ ಬೆಳಿಗ್ಗೆ ಎದ್ದರೆ ನಮ್ಮತ್ತೆ ಮಡಿಲಲ್ಲಿ. ಮುಖ ತೊಳೆದು ರಾಗಿ ಸರಿ ತಿನ್ನಿಸೋದು ಅವರೇ. ಆಮೇಲೆ ಮಾವನವರ ಜೊತೆ ಕಣಕ್ಕೆ. ಅಲ್ಲಿಂದ ಪಕ್ಕದ ಮನೆ ಜಗಲಿ. ಮಧ್ಯಾಹ್ನ ಯಾರದ್ದೋ ಮನೇಲಿ ಮುದ್ದೆ ಉಪ್ಸಾರು ತಿಂದು ಬಂದಿರೋಳು, ಯಾರ ಮನೆ ಅಂತ ಮೂತಿಗೆ ಮೆತ್ತಿದ್ದ ಸಾರು ನೋಡಿ ಕಂಡುಹಿಡೀಬೇಕು. ಸಾಯಂಕಾಲ ಗುಡಿ ಅಂಗಳದಲ್ಲಿ ಊರ ಹೈಕಳ ಜೊತೆ. ಮಣ್ಣಲ್ಲಿ ಬಿದ್ದು ಹೊರಳಾಡಿದ್ರೆ ಕೇಳೋರಿಲ್ಲ, ಕಿರುಚಿದ್ರೆ ಚೀಟಿ ಅಂಟಿಸೋರಿಲ್ಲ. ಅವಳು ನನ್ನ ಕೈಗೆ ಸಿಗ್ತಾ ಇದ್ದಿದ್ದು ಸ್ನಾನಕ್ಕೆ, ನಿದ್ದೆಗೆ. ಅಕ್ಕಂದಿರೇ, ನಾನು ಹೆತ್ತೆ. ಸಾಕಿದ್ದು ಊರು. ಊರು ಮಾಡಿದ ಕೆಲಸಕ್ಕೆ ನಾವು ಹೆಸರು ತಗೊಂಡು, ಈಗ ಆ ಊರೇ ಇಲ್ಲದ ಹೆಣ್ಣಿನ ಮುಂದೆ ಜಂಬ ಕೊಚ್ಕೊಳ್ತಾ ಇದೀವಿ.

ಹಂಗಂತ ‘ನಮ್ಮ ಊರೇ ಸ್ವರ್ಗ’ ಅಂತ ಹಾಡಬೇಡಿ. ಆ ಊರು ಅಂದ್ರೆ ಯಾರು? ನಮ್ಮ ನಾದಿನಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಯಾಕೆ? ನನ್ನ ಮಗಳನ್ನ ಸೊಂಟದ ಮೇಲೆ ಹೊತ್ಕೊಳ್ಳಕ್ಕೆ. ಯಾರೂ ಅವಳನ್ನ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಪಿಯುಸಿ ಓದಿದೋಳು, ಕೇಳಬೇಕಾಗಿತ್ತು. ಇವತ್ತು ಅವಳು ಬ್ಯಾಂಕಿನ ಚಲನ್ ತುಂಬಕ್ಕೆ ನನ್ನ ಮಗಳಿಗೆ ಫೋನ್ ಮಾಡ್ತಾಳೆ. ಇನ್ನೊಂದು, ಮಗು ಸುಮ್ಮನಿರಲಿ ಅಂತ ನಾವು ಹೆದರಿಸಿದ್ದೆಷ್ಟು! ಗುಡಿಯೊಳಗೆ ಕಾಳಿಯ ಬಾಗಿಲಲ್ಲಿ ಆ ಕಡೆ ಈ ಕಡೆ ಎಲುಬಿನ ಗೂಡಿನಂಥ ಬೇತಾಳ ನಿಂತವ್ರಲ್ಲ, “ಗಲಾಟೆ ಮಾಡಿದ್ರೆ ಅವರು ಬರ್ತಾರೆ” ಅಂತ ಹೇಳಿ ಹೇಳಿ, ನನ್ನ ಮಗಳು ಹತ್ತು ವರ್ಷದವರೆಗೆ ರಾತ್ರಿ ಒಬ್ಬಳೇ ಹಿತ್ತಲಿಗೆ ಹೋಗ್ತಿರಲಿಲ್ಲ. ಇದನ್ನೂ ನಾವು ‘ಸಾಕೋದು’ ಅಂತಲೇ ಕರೆದ್ವಿ.

ನಮ್ಮ ಓರಗಿತ್ತೀರು ಮಿಷಿನ್ನಿನ ಮಾತು ಎತ್ತಿದ್ರಲ್ಲ, ಅದಕ್ಕೆ ಉತ್ತರ. ಮಿಷಿನ್ನು ಬಟ್ಟೆ ಒಗೀತದೆ, ಮಗೂನ ಎತ್ಕೊಳ್ಳಲ್ಲ. ಅವಳಿಗೆ ಸ್ನಾನ ಮಾಡೋ ಹತ್ತು ನಿಮಿಷಕ್ಕೆ ಮಗು ಕೊಡಕ್ಕೆ ಒಂದು ಮಡಿಲಿಲ್ಲ. ಶಿಶುವಿಹಾರಕ್ಕೆ ಹಾಕಿ ಅಂತೀರಿ. ಅಲ್ಲಿ 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಮಗೂಗೆ ಜಾಗ ಕಾನೂನಿನ ಹಕ್ಕು. ಹಕ್ಕು ಕಾಗದದ ಮೇಲೈತೆ, ಜಾಗ ಸಾಲಲ್ಲಿ ನಿಂತೋರಿಗೆ. ನಮ್ಮ ಪುಟ್ಟನ ಹೆಸರು ಬರೆಸಿ ಒಂದು ವರ್ಷದ ಮೇಲಾಗಿತ್ತು. ಜಾಗ ಸಿಕ್ಕ ಮೇಲೂ ಸೀದಾ ಬಿಟ್ಟು ಬರಂಗಿಲ್ಲ. ಮಗು ಒಗ್ಗೋವರೆಗೆ ದಿನಾ ತಾಯಿಯೋ ತಂದೆಯೋ ಜೊತೇಲಿ ಕುಂತಿರಬೇಕು, ಇವತ್ತು ಒಂದು ಗಂಟೆ, ಆಮೇಲೆ ಸ್ವಲ್ಪ ಜಾಸ್ತಿ, ಹಿಂಗೆ ವಾರಗಟ್ಟಲೆ. ಅದು ಒಳ್ಳೇದೇ. ಮೊದಲ ದಿನ ಚೀರಾಡ್ತಾ ಇರೋ ಮಗೂನ ಅಂಗನವಾಡಿಗೆ ತಳ್ಳಿ ಓಡಿ ಬಂದ ನನಗೆ ಅದು ನೋಡಿ ನಾಚಿಕೆ ಆಯ್ತು. ಆದ್ರೆ ಅಷ್ಟು ವಾರ ರಜಾ ಯಾರು ಕೊಡ್ತಾರೆ?

“ಫೋನ್ ಕೊಟ್ಟು ಕೂರಿಸು, ಸುಮ್ಮನಿರ್ತಾನೆ” ಅನ್ನೋರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು ಮಗಳು ಓದಿ ತೋರಿಸಿದಳು. ಎರಡು ವರ್ಷದ ಮಗೂಗೆ ಪರದೆ ಮುಂದೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಮ್ಮಿ ಆದಷ್ಟೂ ಒಳ್ಳೇದು. ಗಾಡೀಲಿ, ಕುರ್ಚೀಲಿ ಕಟ್ಟಿ ಒಂದೇ ಸಲಕ್ಕೆ ಒಂದು ಗಂಟೆ ಮೇಲೆ ಕೂರಿಸಬೇಡಿ. ದಿನಕ್ಕೆ ಕನಿಷ್ಠ 180 ನಿಮಿಷ ಮಗು ಓಡಾಡಬೇಕು, ಕುಣೀಬೇಕು, ಹತ್ತಬೇಕು. ಅಂದ್ರೆ ಮೂರು ಗಂಟೆ! ನಾವು ಯಾವುದಕ್ಕೆ ‘ತುಂಟ, ಪೋಕರಿ, ಹಿಡಿತ ಇಲ್ಲದ ಹುಡುಗ’ ಅಂತ ಹೆಸರಿಟ್ವೋ ಅದನ್ನ ಡಾಕ್ಟ್ರುಗಳು ಮಗೂಗೆ ಬೇಕಾದ್ದು ಅಂತಾ ಅವ್ರೆ. ಪುಟ್ಟನಲ್ಲಿ ದೋಷ ಇಲ್ಲ. ಹದಿನಾಲ್ಕು ಹೆಜ್ಜೆ ಅವನಿಗೆ ಸಾಲದು, ಅಷ್ಟೇ. ಜರ್ಮನಿಯೋರೂ ಇದನ್ನ ಸ್ವಲ್ಪ ಒಪ್ಪಿದಂಗೆ ಕಾಣ್ತದೆ. ಶಿಶುವಿಹಾರ, ಆಟದ ಜಾಗದಲ್ಲಿ ಮಕ್ಕಳು ಮಾಡೋ ಸದ್ದನ್ನ ಸಾಮಾನ್ಯವಾಗಿ ಹಾನಿಕರ ಶಬ್ದ ಅಂತ ಲೆಕ್ಕ ಹಾಕಂಗಿಲ್ಲ ಅಂತ 2011ರಲ್ಲಿ ಕಾನೂನಿಗೇ ಸೇರಿಸವ್ರೆ.

ಆಟದ ಜಾಗ ಅಂದೆನಲ್ಲ, ಆ ಮೇಲೆ ನಾವು ಮಾಡಿದ್ದೂ ಅದೇ. ಟ್ರಾಮಿನ ಘಟನೆ ಆದ ಮಾರನೇ ದಿನದಿಂದ, ಮಳೆ ಬರಲಿ ಚಳಿ ಇರಲಿ, ಬೆಳಿಗ್ಗೆ ಒಂದು ಸಲ, ಮೂರು ಗಂಟೆ ಹೊತ್ತಿಗೆ ಒಂದು ಸಲ ಮರಳಿನ ಅಂಗಳಕ್ಕೆ ಕರ್ಕೊಂಡು ಹೋಗ್ತಿದ್ದೆ. ಅಲ್ಲಿನ ಅಮ್ಮಂದಿರು ಕೆಸರಲ್ಲಿ ಮುಳುಗಿದ ಮಕ್ಕಳನ್ನ ನೋಡ್ಕೊಂಡು ನೆಮ್ಮದಿಯಾಗಿ ಕಾಫಿ ಕುಡೀತಾ ಇರ್ತಾರೆ. ಹವಾ ಕೆಟ್ಟದ್ದಲ್ಲ, ಹಾಕಿದ ಬಟ್ಟೆ ಕೆಟ್ಟದ್ದು ಅನ್ನೋ ಗಾದೆ ಅವರಲ್ಲಿ ಐತೆ. ಪುಟ್ಟ ಎರಡು ಗಂಟೆ ಗುಂಡಿ ತೋಡಿ ಬಂದ್ರೆ ಮಧ್ಯಾಹ್ನದ ನಿಶ್ಶಬ್ದಕ್ಕೆ ಸರಿಯಾಗಿ ಗೊರಕೆ. ಕೋಲಿನ ಸದ್ದು ಪೂರ್ತಿ ನಿಲ್ಲಲಿಲ್ಲ, ಕಮ್ಮಿ ಆಯ್ತು. ನನ್ನ ಮಗಳು ಎರಡೂವರೆ ವರ್ಷದಲ್ಲಿ ಮೊದಲನೇ ಸಲ ತಲೆಗೆ ಎಣ್ಣೆ ಹಚ್ಕೊಂಡು ನಿಧಾನವಾಗಿ ಸ್ನಾನ ಮಾಡಿದಳು. ಆದ್ರೆ ನನ್ನ ವೀಸಾ ತೊಂಬತ್ತು ದಿನದ್ದು. ತೊಂಬತ್ತೊಂದನೇ ದಿನ ಆ ಮಡಿಲೂ ಹೋಯ್ತು.

ಕಡೇದಾಗಿ ಗಂಡಸರ ವಿಷಯ. ಅಲ್ಲಿ ಮಗು ಹುಟ್ಟಿದ ಮೇಲೆ ಸರ್ಕಾರ ಕೊಡೋ ಭತ್ಯೆ 12 ತಿಂಗಳು. ಇಬ್ಬರೂ ಹಂಚ್ಕೊಂಡು, ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ತಗೊಂಡ್ರೆ ಒಟ್ಟು 14. ನಮ್ಮ ಅಳಿಯಂದ್ರು ಎರಡು ತಿಂಗಳು ರಜಾ ಹಾಕಿ ಮಗು ನೋಡ್ಕೊಂಡ್ರು. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರ ಅಪ್ಪನಿಗೆ 15 ದಿನ ರಜಾ ಅನ್ನೋದು ನೆನಪಿರಲಿ. ಅದಕ್ಕೆ ನಮ್ಮೋರು ಏನಂದ್ರು? “ಅಳಿಯ ಬಾಣಂತನ ಮಾಡ್ತಾವ್ನಂತೆ.” ಹೌದು, ಮಾಡಿದ್ರು. ಕಕ್ಕ ತೊಳೆದ್ರು, ರಾಗಿ ಸರಿ ಕಲಸಿದ್ರು. ನಕ್ಕೋರ ಮನೇಲಿ ಯಾವ ಗಂಡಸು ಮಗೂಗೆ ಒಂದು ಹೊತ್ತು ತಿನ್ನಿಸಿದ್ದ ಅಂತ ಕೇಳ್ತೀನಿ. ನಮ್ಮ ಯಜಮಾನ್ರೂ ಅದರಲ್ಲಿ ಸೇರಿದ್ದಾರೆ, ಬೇಕಾದ್ರೆ ಓದ್ಕೊಳ್ಳಲಿ.

ಹೊರದೇಶದಲ್ಲಿ ಮಗಳೋ ಸೊಸೆಯೋ ಇರೋ ಅಮ್ಮಂದಿರಿಗೆ ಹೇಳ್ತೀನಿ. ಫೋನ್ ಮಾಡಿದ ತಕ್ಷಣ “ಮಗು ಯಾಕೆ ಸಣ್ಣಗಾಗೈತೆ, ಇನ್ನೂ ಮಾತು ಸ್ಪಷ್ಟ ಇಲ್ವಾ” ಅಂತ ಪರೀಕ್ಷೆ ಮಾಡಬೇಡಿ. ಅವಳು ಊಟ ಮಾಡಿದ್ಲಾ ಅಂತ ಕೇಳಿ. ಹೋಗೋ ಅವಕಾಶ ಸಿಕ್ಕಿದ್ರೆ ಸ್ವಿಟ್ಜರ್ಲೆಂಡ್ ನೋಡೋ ಆಸೆ ಸ್ವಲ್ಪ ಪಕ್ಕಕ್ಕಿಟ್ಟು, ಮಗೂನ ಎತ್ಕೊಂಡು ಹೊರಗೆ ಹೋಗಿ. ಹೊಡೀಬೇಡಿ. ಬೇತಾಳ, ಪೊಲೀಸು, ಗುಮ್ಮ ಅನ್ನಬೇಡಿ. “ನಾವು ನಾಕು ಸಾಕಿದ್ವಿ” ಅನ್ನೋ ಮಾತು ನಾಲಿಗೆ ತುದಿಗೆ ಬಂದ್ರೆ, ನಿಮ್ಮ ಮಕ್ಕಳನ್ನ ಎತ್ಕೊಂಡೋರ ಹೆಸರನ್ನ ಒಂದೊಂದಾಗಿ ಎಣಿಸಿ ನೋಡಿ.

ನಾನು ಈಗ ದಿನಾ ರಾತ್ರಿ ಎಂಟೂವರೆಗೆ, ಅಲ್ಲಿ ಸಾಯಂಕಾಲ ನಾಕು ಗಂಟೆ, ವಿಡಿಯೋ ಕಾಲ್ ಮಾಡ್ತೀನಿ. ಮಗಳು ಫೋನನ್ನ ಕಿಟಕಿ ಕಟ್ಟೆಗೆ ಒರಗಿಸಿ ಹೋಗ್ತಾಳೆ. ಅರ್ಧ ಗಂಟೆ ಪುಟ್ಟ ನನ್ನ ಜವಾಬ್ದಾರಿ. ನಮ್ಮ ಕರು ತೋರಿಸ್ತೀನಿ, ಆಲೂಗೆಡ್ಡೆ ಮಡಿ ತೋರಿಸ್ತೀನಿ. ಅವನು “ಕಾರ್ಟೊಫೆಲ್” ಅಂತಾನೆ, ನಾನು “ಆಲೂಗೆಡ್ಡೆ” ಅಂತೀನಿ, “ನೈನ್” ಅಂತಾನೆ. ಅಷ್ಟು ಹೊತ್ತಲ್ಲಿ ಅವಳು ಸಾರಿಗೆ ಒಗ್ಗರಣೆ ಹಾಕಿರ್ತಾಳೆ.

ದೊಡ್ಡ ಓರಗಿತ್ತೀರಿಗೆ ಈ ಬರಹ ಅವರ ಮೊಮ್ಮಗಳ ಕೈಲಿ ಓದಿಸ್ತೀನಿ. ಅವರ ಸೊಸೆ ಮುಂದಿನ ವರ್ಷ ದುಬೈಗೆ ಹೋಗ್ತಾಳಂತೆ, ಎಂಟು ತಿಂಗಳ ಕೂಸು ಐತೆ.