ದಿಂಬಿನಡಿಯ ಪಿಸ್ತೂಲು ಮತ್ತು ವಿರೋಧಿ ಹಿಂಸೆ

ಅಮೆರಿಕದಲ್ಲಿ ನೆಲೆಸಿರುವ ಮಗನು ಪಿಸ್ತೂಲು ಕೊಂಡುದನ್ನು ಸಮರ್ಥಿಸುತ್ತ ಬಂಧುಗಳೊಬ್ಬರು, 'ಗೃಹಸ್ಥನಿಗೆ ವಿರೋಧಿ ಹಿಂಸೆ ನಿಷಿದ್ಧವಲ್ಲವಷ್ಟೆ' ಎಂದರು. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂಬ ನಾಲ್ಕು ಹಿಂಸೆಗಳಲ್ಲಿ ಶ್ರಾವಕನು ಸಂಪೂರ್ಣ ತ್ಯಜಿಸಬೇಕಾದುದು ಮೊದಲನೆಯದು ಮಾತ್ರ, ನಿಜ. ಆದರೆ ಮೇಲೆ ಬಿದ್ದವನನ್ನು ತಡೆಯಲು ದೊರೆತ ಅವಕಾಶವು, ಎಂದೂ ಬಾರದಿರಬಹುದಾದ ಶತ್ರುವಿಗಾಗಿ ಗುಂಡು ತುಂಬಿ ವರ್ಷಗಟ್ಟಲೆ ಕಾಯುವುದಕ್ಕೂ ಪರವಾನಗಿಯೇ?

ಒಂದೇ ಗಡಿಯ ಎರಡು ಬದಿಯಲ್ಲಿರುವ ಅಮೆರಿಕ ಮತ್ತು ಕೆನಡಾಗಳು ಈ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟಿವೆ. ಎರಡರ ಕಾನೂನಿಗೂ ಮೂಲ ಇಂಗ್ಲೆಂಡಿನದೇ. ಆತ್ಮರಕ್ಷಣೆಯ ಹಕ್ಕು ಎರಡರಲ್ಲಿಯೂ ಉಂಟು. ಮನೆಯಲ್ಲಿರುವ ಬಂದೂಕಿನಿಂದ ಗುಂಡು ತೆಗೆದು ಬೀಗ ಹಾಕಿಡಬೇಕೆಂಬುದು ಕೆನಡಾದ ನಿಯಮ. ಇಂಥದೇ ನಿಯಮವು ವಾಷಿಂಗ್ಟನ್ ನಗರದಲ್ಲಿಯೂ ಇತ್ತು. ಅದು ಸ್ವರಕ್ಷಣೆಗೆ ಅಡ್ಡಿಯೆಂದು ಅಮೆರಿಕದ ಸುಪ್ರೀಂ ಕೋರ್ಟು 2008ರಲ್ಲಿ, ಐವರು ನ್ಯಾಯಮೂರ್ತಿಗಳ ಬಹುಮತದಿಂದ, ರದ್ದುಪಡಿಸಿತು. ಫ್ಲಾರಿಡಾ ರಾಜ್ಯವಂತೂ 2005ರಲ್ಲಿಯೇ, ಪ್ರಾಣಾಪಾಯವಿದೆಯೆಂದು ಸಕಾರಣವಾಗಿ ನಂಬಿದವನು ಹಿಂದೆ ಸರಿಯಬೇಕಾಗಿಲ್ಲ, ಎದುರಾಳಿಯನ್ನು ಕೊಲ್ಲಬಹುದು ಎಂದು ವಿಧಿಸಿತು. 2013ರಿಂದ ಜಾರಿಯಲ್ಲಿರುವ ಕೆನಡಾದ ತಿದ್ದುಪಡಿಯಂತೆ ನ್ಯಾಯಾಲಯವು, ಬೇರೆ ಉಪಾಯವಿತ್ತೇ, ಪ್ರತಿಯೇಟು ಅಪಾಯಕ್ಕೆ ತಕ್ಕಷ್ಟೇ ಇತ್ತೇ, ಜಗಳ ಬೆಳೆಯಲು ಇವನ ಪಾತ್ರವೇನು ಎಂದು ತೂಗಿ ನೋಡಬೇಕು. ವಿರೋಧಿ ಹಿಂಸೆಯ ವಿವೇಕವೆಂದರೆ ಇದೇ ಅಲ್ಲವೇ? 2022ರ ಅಕ್ಟೋಬರಿನಲ್ಲಿ ಕೆನಡಾ ಪಿಸ್ತೂಲುಗಳ ಹೊಸ ಮಾರಾಟವನ್ನೇ ತಡೆಯಿತು.

ವ್ಯಾಪಾರಿಯಾದ ನನಗೆ ಲೆಕ್ಕ ನೋಡದೆ ಸಮಾಧಾನವಿಲ್ಲ. 2021ರಲ್ಲಿ ಬಂದೂಕಿನಿಂದ ಕೊಲೆಯಾದವರು ಅಮೆರಿಕದಲ್ಲಿ 20,958, ಕೆನಡಾದಲ್ಲಿ 297. ಜನಸಂಖ್ಯೆಯ ಅಂತರವನ್ನು ಕಳೆದರೂ ಸುಮಾರು ಎಂಟು ಪಟ್ಟು! ಕಾನೂನೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ. ಕೆನಡಾವೂ ನಿಷ್ಕಳಂಕವಲ್ಲ, 2020ರಲ್ಲಿ ನೋವಾ ಸ್ಕೋಷಿಯಾದಲ್ಲಿ 22 ಜನರನ್ನು ಕೊಂದವನ ಬಳಿ ಅಮೆರಿಕದಿಂದ ಕದ್ದು ತಂದ ಬಂದೂಕುಗಳಿದ್ದವು. ಆದರೆ ಇನ್ನೊಂದು ಅಂಕಿಯಿದೆ. ಅದೇ 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡವರು 26,328, ಕೊಲೆಯಾದವರಿಗಿಂತ ಹೆಚ್ಚು. ಕಳ್ಳನಿಗೆಂದು ತಂದುದು ಮನೆಯವರ ಕೈಗೇ ಸಿಕ್ಕಿತು.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಐದು ಅನರ್ಥದಂಡಗಳನ್ನು ಹೇಳುತ್ತ, ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಸೇರಿಸಿದ್ದಾರೆ. ಬೀಗವಿಲ್ಲದ ಪೆಟ್ಟಿಗೆಯಲ್ಲಿಟ್ಟ ಪಿಸ್ತೂಲು ಮನೆಯ ಹುಡುಗನಿಗೆ, ಖಿನ್ನಳಾದ ಸೊಸೆಗೆ, ಕೊನೆಗೆ ಆ ಕಳ್ಳನಿಗೂ ಕೊಟ್ಟ ದಾನವೇ ಆದೀತು. ವಿರೋಧಿ ಹಿಂಸೆಯ ಹೆಸರು ಹೇಳಿದ ಬಂಧುಗಳು ಇಂದು ರಾತ್ರಿಯೇ ಮಗನಿಗೆ ಫೋನು ಮಾಡಿ ಕೇಳಲಿ: ಅದಕ್ಕೆ ಬೀಗವಿದೆಯೇ, ಕೀಲಿಕೈ ಯಾರ ಬಳಿಯಿದೆ?