ಅವ್ವನ ಹೆಸರಿಲ್ಲದ ಟಗರು

ಹೋದ ವರ್ಷ ಬೇಸಿಗೆಯಲ್ಲಿ ಹರಿಹರದ ಕಡೆಯ ಒಂದು ಜಾತ್ರೆಯಲ್ಲಿ ಟಗರುಗಳ ಹರಾಜು ನಡೆಯಿತು. ಶಾಮಿಯಾನ, ಮೈಕು, ಟಗರಿನ ಕೊರಳಿಗೆ ಚೆಂಡುಹೂವಿನ ಹಾರ, ಕೊಂಬಿಗೆ ಬಣ್ಣ. ಮೈಕು ಹಿಡಿದವರು ಒಂದೊಂದೇ ಟಗರಿನ ಗುಣಗಾನ ಮಾಡುತ್ತಿದ್ದರು. ತೂಕ ಇಷ್ಟು, ಹಲ್ಲು ನಾಲ್ಕು, ಇದರಪ್ಪ ಕಾಳಗದಲ್ಲಿ ಬೈಕು ಗೆದ್ದವನು, ಇದು ಅವಳಿ ತಳಿ, ಮಂದೆಗೆ ಬಿಟ್ಟರೆ ಮುಂದಿನ ಸೂಲಿಗೇ ಜೋಡಿ ಮರಿ. ನಮ್ಮ ದೊಡ್ಡಪ್ಪ 40 ಸಾವಿರಕ್ಕೆ ಕೈ ಎತ್ತಿದರು, 62 ಸಾವಿರಕ್ಕೆ ಸವಾಲು ಅವರ ಹೆಸರಿಗೆ ನಿಂತಿತು. ಜನ ಸಿಳ್ಳೆ ಹಾಕಿದರು. ಯಾರೋ ವಿಡಿಯೋ ಮಾಡಿಕೊಂಡರು. ನಾನೂ ಮಾಡಿಕೊಂಡೆ.

ಆನೆಕೊಂಡದ ಮನೆಗೆ ಟಗರು ಬಂದಾಗ ಅಜ್ಜಿ ಆರತಿ ಎತ್ತಿದಳು. ಎತ್ತಿ ಮುಗಿಸಿ ಕೇಳಿದ್ದು ಒಂದೇ ಮಾತು: "ಇದರ ಅವ್ವ ಯಾವುದಲೇ? ಒಂದಾಕ್ತಿತ್ತೋ ಎರಡಾಕ್ತಿತ್ತೋ?"

"ಅದನ್ನೆಲ್ಲ ಯಾರು ಕೇಳ್ತಾರವ್ವ" ಅಂದರು ದೊಡ್ಡಪ್ಪ.

ಈ ಬರಹ ಇರುವುದು ಆ ಉತ್ತರದ ಮೇಲೆ. ಯಾಕೆ ಯಾರೂ ಕೇಳುವುದಿಲ್ಲ? ಕೇಳದೆ ಕೊಂಡದ್ದನ್ನು 'ತಳಿ ಟಗರು' ಎಂದು ಯಾವ ಬಾಯಲ್ಲಿ ಕರೆಯುತ್ತೇವೆ?

ಮೊದಲು ನಮ್ಮ ಮನೆಯ ಲೆಕ್ಕ ಹೇಳಿಬಿಡುತ್ತೇನೆ. ಟಗರನ್ನು 28 ಕುರಿಗಳ ಜೊತೆ ಬಿಟ್ಟರು. ಐದು ತಿಂಗಳು ಕಳೆದು ಈದದ್ದು 17. ಜೋಡಿ ಮರಿ ಒಂದೂ ಇಲ್ಲ. ದೊಡ್ಡಪ್ಪ ಮಾರಿದವರಿಗೆ ಫೋನ್ ಮಾಡಿದರು. "ದೋಷ ಟಗರಿಂದಲ್ಲ, ನಿಮ್ಮ ಕುರಿಗಳದ್ದು" ಎಂದು ಉತ್ತರ ಬಂತು.

ತಮಾಷೆಯೆಂದರೆ ಆ ಉತ್ತರದಲ್ಲಿ ಅರ್ಧ ನಿಜವಿತ್ತು. ಕುರಿಯೊಂದು ಎಷ್ಟು ಮರಿ ಹಾಕುತ್ತದೆ ಎಂಬುದು ಅದರ ಅಂಡಾಶಯ ಆ ಸಲ ಎಷ್ಟು ಅಂಡ ಬಿಟ್ಟಿತು ಎಂಬುದರ ಮೇಲೆ ನಿಂತಿದೆ. ಅದಕ್ಕೂ ಆ ಸಲ ಹಾರಿದ ಟಗರಿಗೂ ಸಂಬಂಧವಿಲ್ಲ. ಅವಳಿ ತಳಿಯ ಟಗರು ತನ್ನ ಹೆಣ್ಣುಮರಿಗಳಿಗೆ ಆ ಗುಣವನ್ನು ದಾಟಿಸಬಹುದು. ಆ ಮರಿಗಳು ಬೆಳೆದು, ಗಬ್ಬವಾಗಿ, ಈದಾಗ ಮಾತ್ರ ಅದು ಕಣ್ಣಿಗೆ ಕಾಣುತ್ತದೆ. ಎಂದರೆ ಇವತ್ತು ಕೊಂಡ ಟಗರಿನ ನಿಜವಾದ ಬೆಲೆ ಗೊತ್ತಾಗಲು ಎರಡು ವರ್ಷ ಬೇಕು. 'ಮುಂದಿನ ಸೂಲಿಗೇ ಜೋಡಿ ಮರಿ' ಎಂದು ಮೈಕಿನಲ್ಲಿ ಕೂಗಿದ್ದು ಅಪ್ಪಟ ಸುಳ್ಳು. ಆ ಸುಳ್ಳಿಗೆ ನಾವು 62 ಸಾವಿರ ಕೊಟ್ಟೆವು.

ಉಳಿದ 11 ಕುರಿ ಯಾಕೆ ಬರಡಾದವು? ಅದಕ್ಕೆ ಕಾರಣ ಟಗರಿನ ಮೈಯಲ್ಲೇ ಇದ್ದೀತು. ಹರಾಜಿಗೆಂದು ತಿಂಗಳುಗಟ್ಟಲೆ ಹುರುಳಿ, ಮೊಟ್ಟೆ, ಹಾಲು ತಿನ್ನಿಸಿ ಕೊಬ್ಬಿಸಿದ ಟಗರು ಬಿಸಿಲು ತಡೆಯುವುದಿಲ್ಲ. ಮೈ ಕಾದರೆ ವೀರ್ಯ ಕೆಡುತ್ತದೆ. ಹೊಸದಾಗಿ ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಹಿಡಿಯುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅಂಥ ಪ್ರಾಣಿಯನ್ನು ಮಂದೆಯ ಹಿಂದೆ ನಡೆಸಿದ್ದೆವು. ಜನ ಸಿಳ್ಳೆ ಹಾಕಿದ್ದು ಯಾವ ಮೈಕಟ್ಟಿಗೋ ಅದೇ ಮೈಕಟ್ಟು ನಮ್ಮನ್ನು ಮುಳುಗಿಸಿತು.

ಇದು ನಮ್ಮೊಬ್ಬರ ಮನೆಯ ಪೆದ್ದುತನವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಪತ್ರಿಕೆಗಳಲ್ಲಿ, ಫೋನಿನಲ್ಲಿ ಬರುವ ಟಗರಿನ ಸುದ್ದಿಗಳನ್ನು ಗಮನಿಸಿ. ಮಂಡ್ಯ ಜಿಲ್ಲೆಯ ದೇವಿಪುರದ ಬಂಡೂರು ಟಗರೊಂದು ಕೆಲವು ವರ್ಷಗಳ ಹಿಂದೆ 1.91 ಲಕ್ಷಕ್ಕೆ ಮಾರಾಟವಾಗಿ ಊರಲ್ಲಿ ಮೆರವಣಿಗೆ ಮಾಡಿಸಿಕೊಂಡಿತು. ಕನ್ನಡ ಮಾತಾಡುವ ಜನ ಬಹಳವಿರುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ಮಾಡಗ್ಯಾಳ ಕುರಿಯ ತವರು. ಆ ತಳಿಯ ಒಂದು ಟಗರಿಗೆ 2020ರಲ್ಲಿ 70 ಲಕ್ಷ ಕೊಡುತ್ತೇವೆ ಎಂದವರಿದ್ದರು, ಮಾಲೀಕರು ಒಂದೂವರೆ ಕೋಟಿ ಕೇಳಿದರು ಎಂದು ದೇಶವೆಲ್ಲ ಓದಿತು. ಎರಡೂ ಸುದ್ದಿಯಲ್ಲಿ ಬೆಲೆ ಇತ್ತು, ಮೂಗಿನ ಬಾಗು ಇತ್ತು, ಹಾರ ಹಾಕಿದ ಫೋಟೋ ಇತ್ತು. ಆ ಟಗರುಗಳ ಮರಿಗಳು ಹೇಗೆ ಬೆಳೆದವು, ಎಷ್ಟು ಉಳಿದವು ಎಂದು ಒಂದು ಸಾಲನ್ನೂ ನಾನು ಕಾಣಲಿಲ್ಲ.

ಹೊರದೇಶದವರು ಇದಕ್ಕಿಂತ ಜಾಣರು ಎಂದು ನಾನು ಹೇಳುತ್ತಿಲ್ಲ. ಅದೇ 2020ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್ ಹರಾಜಿನಲ್ಲಿ ಡಬಲ್ ಡೈಮಂಡ್ ಎಂಬ ಟೆಕ್ಸೆಲ್ ಟಗರುಮರಿ 3,50,000 ಗಿನಿಗೆ, ಅಂದರೆ 3,67,500 ಪೌಂಡಿಗೆ ಹೋಯಿತು. ಮೂರು ಕಡೆಯವರು ಸೇರಿ ಕೊಂಡರು. ಅದೂ ಹುಚ್ಚೇ. ಆದರೆ ಆ ಹುಚ್ಚಿಗೆ ಒಂದು ಕಡತವಿದೆ. ತಳಿ ಸಂಘದ ಪುಸ್ತಕದಲ್ಲಿ ಅದರ ಅಪ್ಪನ ಜೊತೆಗೆ ಅವ್ವನೂ ದಾಖಲಾಗಿದ್ದಾಳೆ. ಹಣ ಕಳೆದುಕೊಂಡವರು ಮುಂದೊಂದು ದಿನ ಪುಟ ತಿರುವಿ ಎಲ್ಲಿ ಎಡವಿದೆವು ಎಂದು ನೋಡಬಹುದು. ನಮಗೆ ತಿರುವಲು ಪುಟವೇ ಇಲ್ಲ.

ಪುಟಕ್ಕೆ ಅಷ್ಟು ಮಹತ್ವ ಯಾಕೆ ಎನ್ನುವವರಿಗೆ ಒಂದು ಕುರಿಯ ಕಥೆ ಹೇಳುತ್ತೇನೆ. ಬಂಗಾಳದ ಸುಂದರಬನದಲ್ಲಿ ಗಾರೋಲ್ ಎಂಬ ಪುಟ್ಟ ಕುರಿ ಇದೆ. ನೋಡಲು ಏನೂ ಇಲ್ಲ, ಯಾವ ಹರಾಜಿನಲ್ಲೂ ಅದಕ್ಕೆ ಯಾರೂ ಕೈ ಎತ್ತಲಾರರು. ಆದರೆ ಅದು ಎರಡು ಮೂರು ಮರಿ ಹಾಕುತ್ತದೆ. 18ನೇ ಶತಮಾನದ ಕೊನೆಯಲ್ಲಿ ಕಲ್ಕತ್ತದಿಂದ ಹಡಗು ಹತ್ತಿ ಹೋದ ಬಂಗಾಳದ ಕುರಿಗಳು ಆಸ್ಟ್ರೇಲಿಯದ ಮಂದೆಗಳಲ್ಲಿ ಬೆರೆತುಹೋದವು. ಒಂದೂವರೆ ಶತಮಾನದ ಬಳಿಕ ಅಲ್ಲಿನ ಬೂರೂಲಾ ಎಂಬ ಜಾಗದ ಸಾಕಣೆಗಾರರು ಹೆಚ್ಚು ಮರಿ ಹಾಕುವ ತಾಯಿಕುರಿಗಳನ್ನೇ ಆರಿಸಿ ಬೇರೆ ಮಂದೆ ಕಟ್ಟಿದರು. ಸರ್ಕಾರಿ ಸಂಶೋಧಕರು ಆ ಮಂದೆಯ ಸೂಲುಗಳನ್ನು ಬರೆದಿಟ್ಟರು. 2001ರಲ್ಲಿ ಅದಕ್ಕೆ ಕಾರಣವಾದ ಜೀನು ಸಿಕ್ಕಿತು, ಅದರ ಬೇರು ಬಂಗಾಳದ ಗಾರೋಲ್ ಕುರಿಯಲ್ಲಿದೆ ಎಂದು ಗೊತ್ತಾಯಿತು. ಇತ್ತ ನಮ್ಮ ಪಕ್ಕದ ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಗಾರೋಲನ್ನು ಡೆಕ್ಕನಿ ಕುರಿಯ ಜೊತೆ ಕೂಡಿಸಿ 'ನಾರಿ ಸುವರ್ಣ'ವನ್ನು ರೂಪಿಸಿತು. ಇವತ್ತು ನಮ್ಮ ಹರಾಜುಗಳಲ್ಲಿ ಕೂಗುವ 'ಅವಳಿ ತಳಿ'ಯ ಬಹುಪಾಲು ಕಥೆ ಹುಟ್ಟಿದ್ದು ಇಲ್ಲಿಂದ.

ನಾರಿ ಎಂಬುದು ಆ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅಷ್ಟೇ. ಕನ್ನಡದ ಕಿವಿಗೆ ಮಾತ್ರ ಅದು ಸರಿಯಾಗಿಯೇ ಕೇಳುತ್ತದೆ. ಈ ತಳಿಯ ಹೆಗ್ಗಳಿಕೆ ಪೂರ್ತಿ ಹೆಣ್ಣಿನದು. ಟಗರು ಆ ಗುಣವನ್ನು ಹೊತ್ತು ತರುವ ದೂತ ಮಾತ್ರ, ತಂದಿದ್ದಾನೋ ಇಲ್ಲವೋ ಎಂದು ರಕ್ತಪರೀಕ್ಷೆ ಹೇಳುತ್ತದೆ. ಅವ್ವನ ಗುಣವನ್ನು ಅಪ್ಪನ ಪೌರುಷವೆಂದು ಕೂಗಿ ಮಾರುವುದು ನಮ್ಮ ಹರಾಜಿನ ಮೊದಲ ಮೋಸ.

ಎರಡನೆಯದು ಕಾಳಗದ ಮೋಸ. ದಾವಣಗೆರೆಯಲ್ಲಿ ಟಗರೆಂದರೆ ಕಾಳಗ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟು ಹಲ್ಲು ಎಂದು ವಿಭಾಗಗಳು, ಪ್ಲೆಕ್ಸುಗಳು, ಟಗರಿಗೊಂದು ಅಭಿಮಾನಿ ಬಳಗ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನು ಅಪರಾಧವೆನ್ನುತ್ತದೆ. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ರಾಜ್ಯ ತಿದ್ದುಪಡಿ ತಂದಾಗ ಟಗರು ಕಾಳಗ ಅದರೊಳಗೆ ಬರಲಿಲ್ಲ. ಕಾನೂನು ಹಾಗಿರಲಿ, ತಳಿಯ ಪ್ರಶ್ನೆಯನ್ನಷ್ಟೇ ಕೇಳುತ್ತೇನೆ. ಕುರಿಗಳ ಜೊತೆ ಬಿಟ್ಟರೆ ಕಸುವು ಹೋಗುತ್ತದೆಂದು ಕಾಳಗದ ಟಗರನ್ನು ಬೇರೆಯೇ ಕಟ್ಟಿ ಸಾಕುವವರಿದ್ದಾರೆ. ಅಪ್ಪನಾಗಲು ಬಿಡದ ಪ್ರಾಣಿಯ ಗೆಲುವನ್ನು ಸಂತಾನದ ಬೆಲೆಗೆ ಹೇಗೆ ಸೇರಿಸುತ್ತೀರಿ? ಗುದ್ದುವ ನೆತ್ತಿ ಗಟ್ಟಿಯಿದ್ದರೆ ಮಗಳ ಕೆಚ್ಚಲಲ್ಲಿ ಹಾಲು ಬರುತ್ತದೆಯೇ?

ಮೂರನೆಯದು ಊರಿನ ಮೋಸ. ಬಂಡೂರು ಕುರಿ ಗಿಡ್ಡ, ಹಿಂದಿನಿಂದ ನೋಡಿದರೆ ತಲೆಕೆಳಗು ಮಾಡಿದ ಇಂಗ್ಲಿಷಿನ ಯು ಅಕ್ಷರದಂಥ ತೊಡೆ, ಮಾಂಸಕ್ಕೆ ಹೆಸರುವಾಸಿ. ಮಳವಳ್ಳಿ ಸೀಮೆಯ ಸಣ್ಣ ಮಂದೆಗೆ, ಮನೆಯ ಹತ್ತಿರದ ಮೇವಿಗೆ ಒಗ್ಗಿದ ಜೀವ. ನಮ್ಮ ಬಯಲಿನ ಬಳ್ಳಾರಿ ಕುರಿ ಬೇರೆ. ಭದ್ರಾ ನಾಲೆಯ ಗದ್ದೆ ಕೊಯ್ಲಾದ ಮೇಲೆ ಊರಿಂದೂರಿಗೆ ನಡೆದು, ಹೊಲದಲ್ಲಿ ರಾತ್ರಿ ತರುಬಿ, ಗೊಬ್ಬರ ಕೊಟ್ಟು, ಕಂಬಳಿಗೆ ಉಣ್ಣೆ ಕೊಟ್ಟು ಬದುಕಿದ ತಳಿ. ಅದರ ಕಾಲಿಗೆ ಹರಾಜಿನಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದ ಒಳ್ಳೆಯ ಬಳ್ಳಾರಿ ಟಗರುಮರಿಗಳು ಮೊದಲು ಕಟುಕರ ಕೈ ಸೇರುತ್ತವೆ, ಮಂದೆಗೆ ಉಳಿಯುವುದು ಮಾರಾಟವಾಗದೆ ಮಿಕ್ಕದ್ದು. ಹೀಗೆ ನಾವು ದೂರದ ತಳಿಯನ್ನು ಹಣ ಕೊಟ್ಟು ತರುತ್ತಾ ಮನೆಯ ತಳಿಯನ್ನು ಹಣಕ್ಕಾಗಿ ಕಳೆಯುತ್ತಿದ್ದೇವೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ನನ್ನ ಗೆಳೆಯರಿಂದಲೇ.

ಒಂದು: ಕುರುಬರಿಗೂ ಗೊಲ್ಲರಿಗೂ ನೀನು ತಳಿ ಕಲಿಸುತ್ತೀಯಾ? ಅವರ ಕಣ್ಣೇ ದಾಖಲೆ. ಒಪ್ಪುತ್ತೇನೆ, ತನ್ನ ಮಂದೆಯಲ್ಲಿ. ನೂರು ಕುರಿಯಲ್ಲಿ ಯಾವ ಮರಿ ಯಾವ ತಾಯಿಯದೆಂದು ಅಜ್ಜಿ ಕತ್ತಲಲ್ಲೂ ಹೇಳುತ್ತಾಳೆ. ಆದರೆ ಹರಾಜಿಗೆ ಬರುವುದು ಇನ್ನೊಬ್ಬರ ಮಂದೆಯ ಟಗರು. ಅದರ ಅವ್ವನನ್ನು ಕಂಡ ಕಣ್ಣು ಶಾಮಿಯಾನಕ್ಕೆ ಬಂದಿರುವುದಿಲ್ಲ. ಹೆಚ್ಚಿನ ಸಲ ಅದು ಹೆಂಗಸಿನ ಕಣ್ಣು, ಈಯಿಸುವವಳ ಕಣ್ಣು. ಕಣ್ಣನ್ನು ಮನೆಯಲ್ಲಿ ಬಿಟ್ಟು ಬಾಯನ್ನು ಮಾತ್ರ ಸಂತೆಗೆ ಕಳಿಸಿದ್ದೇವೆ.

ಇನ್ನೊಂದು: ಕಾಗದ ಬಂದರೆ ಕಾಗದ ಇರುವವರದೇ ರಾಜ್ಯ. ದೊಡ್ಡ ಫಾರ್ಮಿನವರು ಸರ್ಟಿಫಿಕೇಟು ಮಾಡಿಸಿಕೊಳ್ಳುತ್ತಾರೆ, ಅಲೆಮಾರಿ ಕುರಿಗಾಹಿಯ ಟಗರು 'ದಾಖಲೆಯಿಲ್ಲದ್ದು' ಆಗುತ್ತದೆ. ಇದು ಗಟ್ಟಿಯಾದ ಮಾತು, ನನ್ನನ್ನು ಬಹಳ ದಿನ ಕಾಡಿದೆ. ಆದರೆ ಈಗ ನಡೆಯುತ್ತಿರುವುದೂ ಅದೇ ಅಲ್ಲವೇ? ಯೂಟ್ಯೂಬಿನಲ್ಲಿ 'ನೂರಕ್ಕೆ ನೂರು ಒರಿಜಿನಲ್' ಎನ್ನುವವರಿಗೆ ದಾಖಲೆ ಬೇಕಾಗಿಲ್ಲ, ಕ್ಯಾಮೆರಾ ಸಾಕು. ದಾಖಲೆ ಇಲ್ಲದಿರುವುದರಿಂದ ಬಡವನಿಗೆ ರಕ್ಷಣೆ ಸಿಕ್ಕಿಲ್ಲ, ಮೈಕು ಇರುವವನಿಗೆ ಸ್ವಾತಂತ್ರ್ಯ ಸಿಕ್ಕಿದೆ. ಆದ್ದರಿಂದ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬುದೇ ಜಗಳವಾಗಬೇಕು. ತಾಲ್ಲೂಕುಗಳಲ್ಲಿ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘಗಳಿವೆ. ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. 12 ಅಂಕಿಯ ಕಿವಿಯೋಲೆ ಎಂಬ ವ್ಯವಸ್ಥೆಯೂ ಬಂದಿದೆ. ಆ ಸಂಖ್ಯೆಯ ಮುಂದೆ ತಾಯಿಯ ಸಂಖ್ಯೆಯನ್ನೂ ಬರೆಯಿರಿ, ಪುಸ್ತಕ ಸಂಘದಲ್ಲಿರಲಿ ಎಂದು ಕೇಳುವುದು ಯಾವ ಕ್ರಾಂತಿ?

ಹರಾಜು ಬೇಡವೆಂದಲ್ಲ. ನಮ್ಮಿಂದ ಬಹಳ ದೂರವಿಲ್ಲದ ಬೀರೂರಿನಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜು ವರ್ಷವರ್ಷವೂ ನಡೆಯುತ್ತದೆ, ರೈತರು ಲಕ್ಷಗಟ್ಟಲೆ ಕೊಟ್ಟು ಜೋಡಿ ಒಯ್ಯುತ್ತಾರೆ. ಅಲ್ಲೂ ಪೈಪೋಟಿ, ಅಲ್ಲೂ ಹೆಮ್ಮೆ. ಆದರೆ ಕರು ಯಾವ ಹಿಂಡಿನಿಂದ ಬಂತೆಂಬ ಅನುಮಾನ ಯಾರಿಗೂ ಇಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ಕಾಲದಿಂದ ಆ ದನಗಳನ್ನು ಎಣಿಸಿ, ಹಿಂಡು ಬೇರ್ಪಡಿಸಿ ಕಾಪಾಡಿಕೊಂಡು ಬಂದಿದ್ದಾರೆ. ಅರಸರ ದಂಡಿಗೆ ಎತ್ತು ಬೇಕಿತ್ತು, ಲೆಕ್ಕ ಇಟ್ಟರು. ಕುರುಬರ ಕುರಿಗೆ ಲೆಕ್ಕ ಇಡಲು ಯಾವ ಅರಸನಿಗೂ ಗರಜು ಇರಲಿಲ್ಲ.

ಈಗ ನಮ್ಮ ಕಡೆಗೆ, ಈ ಪುಟವನ್ನು ಓದುವ ಬರೆಯುವ ಜನರ ಕಡೆಗೆ ಬರುತ್ತೇನೆ. ನನ್ನ ಪಿಎಚ್‌ಡಿ ವಿಷಯ ಪಶುಪಾಲಕರ ಮೌಖಿಕ ಕಥನಗಳು. ಬೀರಪ್ಪ, ಮೈಲಾರ, ಜುಂಜಪ್ಪನ ಕಥೆಗಳನ್ನು ರೆಕಾರ್ಡು ಮಾಡಿಕೊಂಡಿದ್ದೇನೆ. ಟಗರು ಎಂಬ ಪ್ರತಿಮೆಯ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದೇನೆ. 2018ರ 'ಟಗರು' ಸಿನಿಮಾದ ಬಗ್ಗೆ ಸೆಮಿನಾರಿನಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಮನೆಯಲ್ಲಿ ಕೂತ ಅಜ್ಜಿಗೆ ಗೊತ್ತಿದ್ದ ಕುರಿಗಳ ವಂಶಾವಳಿಯನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅದರಲ್ಲಿ ಪ್ರಾಸವಿಲ್ಲ, ಪವಾಡವಿಲ್ಲ, ಅಡಿಟಿಪ್ಪಣಿಗೆ ಒಗ್ಗುವುದಿಲ್ಲ. ಜನಪದವೆಂದರೆ ಹಾಡು ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಯಾವ ಕುರಿ ಯಾವ ಬರಗಾಲದಲ್ಲಿ ಎರಡು ಮರಿ ಹಾಕಿ ಎರಡನ್ನೂ ಸಾಕಿತು ಎಂಬ ನೆನಪು ನಮಗೆ ಸಾಹಿತ್ಯವೂ ಅಲ್ಲ, ವಿಜ್ಞಾನವೂ ಅಲ್ಲ. ಅದಕ್ಕೇ ಆ ಜಾಗವನ್ನು ಮೈಕಿನವರು ತುಂಬಿದರು. ಅವತ್ತು ವಿಡಿಯೋ ಮಾಡಿಕೊಂಡ ನಾನೂ ಅವರ ಕಡೆಯವನೇ ಆಗಿದ್ದೆ.

ಆದ್ದರಿಂದ ಕೈ ಎತ್ತುವ ಮೊದಲು ಕೇಳುವ ಪ್ರಶ್ನೆಗಳನ್ನು ಬದಲಿಸೋಣ. ತೂಕ ಎಷ್ಟು ಎನ್ನುವ ಮೊದಲು, ಅವ್ವ ಎಷ್ಟು ಸೂಲು ಈದಿದ್ದಾಳೆ, ಎಷ್ಟು ಮರಿ ಉಳಿಸಿದ್ದಾಳೆ? ಅಪ್ಪ ಏನು ಗೆದ್ದ ಎನ್ನುವ ಮೊದಲು, ಅವನ ಹೆಣ್ಣುಮಕ್ಕಳು ಎಲ್ಲಿದ್ದಾರೆ, ನೋಡಬಹುದೇ? ಅವಳಿ ತಳಿ ಎಂದರೆ, ರಕ್ತಪರೀಕ್ಷೆಯ ಚೀಟಿ ಎಲ್ಲಿ? ವೀರ್ಯ ಪರೀಕ್ಷೆ ಆಗಿದೆಯೇ? ಉತ್ತರವಿಲ್ಲದಿದ್ದರೆ ಕಟುಕರ ದರ ಕೂಗಿ. ಮಾಂಸಕ್ಕೆ ಮಾಂಸದ ಬೆಲೆ, ತಳಿಗೆ ತಳಿಯ ಬೆಲೆ.

ದೊಡ್ಡಪ್ಪ ಆ ಟಗರನ್ನು ಬಕ್ರೀದಿಗೆ ಮಾರಿದರು. ಅಸಲಿನ ಅರ್ಧವೂ ಬರಲಿಲ್ಲ. ಅದರ ಎಂಟು ಹೆಣ್ಣುಮರಿಗಳು ಉಳಿದಿವೆ. ಅವುಗಳಿಗಾಗಿ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಅಜ್ಜಿ ಹೇಳಿದಳು, ನಾನು ಬರೆದೆ: ಕರಿಮೋತಿಯ ಮಗಳು, ಕರಿಮೋತಿ ನಾಲ್ಕು ಸೂಲು, ಐದು ಮರಿ, ಐದೂ ಉಳಿದವು. ಬಿಳಿಕಿವಿಯ ಮಗಳು, ಬಿಳಿಕಿವಿ ಮೂರು ಸೂಲು, ಒಂದು ಮರಿ ಸತ್ತಿತು. ಎಂಟೂ ತಾಯಂದಿರ ಹೆಸರು ಬರೆದಾದ ಮೇಲೆ ಅಪ್ಪನ ಕಲಮು ಬಂತು. ಅಲ್ಲಿ ಬರೆಯಲು ನಮ್ಮ ಹತ್ತಿರ ಇದ್ದದ್ದು ಬೆಲೆ ಮಾತ್ರ.